ಕುಕ್ಕರ್ ಕೂಗದ ಮನೆ

ಪ್ರಶ್ನೆಗಳು ಬರೀ 14! ಸೂಜಿ ಚುಚ್ಚುವುದಿಲ್ಲ, ರಕ್ತ ತೆಗೆಯುವುದಿಲ್ಲ, ಗಡಗಡ ಸದ್ದಿನ ಸ್ಕ್ಯಾನಿಂಗ್ ಯಂತ್ರದೊಳಗೆ ಯಾರನ್ನೂ ಮಲಗಿಸುವುದಿಲ್ಲ. ಒಂದು ಪೆನ್ನು, ಒಂದಿಷ್ಟು ಕಾಗದ, ಸ್ವಲ್ಪ ಹೊತ್ತು ಸಾಕು. ಅಷ್ಟರಲ್ಲಿ, ಯಾವ ವೈದ್ಯರ ಚೀಟಿಯಲ್ಲೂ ಜಾಗ ಸಿಗದೆ ಉಳಿದಿದ್ದ ಸಂಗತಿಯೊಂದು ಅಂಕಿಯಾಗಿ ಕಣ್ಣೆದುರು ಬಂದು ನಿಲ್ಲುತ್ತದೆ. ಅದಕ್ಕಿಂತ ಬೆರಗಿನ ಮಾತು ಕೇಳಿ: ಈ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ರೋಗಿಯ ಮನೆಯವರು. ರೋಗಿಯನ್ನು ಕರೆದುಕೊಂಡು ಬಂದು, ಮಡಿಲಲ್ಲಿ ಫೈಲು, ಕೈಯಲ್ಲಿ ನೀರಿನ ಬಾಟಲಿ ಹಿಡಿದು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುತ್ತಾರಲ್ಲ, ಹೆಂಡತಿಯೋ ಗಂಡನೋ, ಅವರು!

ಕಳೆದ ಒಂದು ತಿಂಗಳಲ್ಲಿ, ರೋಗಿಗೆ ಕಸಿವಿಸಿ ಆಗುತ್ತದೆಂದು ಎಲ್ಲಿಗೋ ಹೋಗುವುದನ್ನು ಎಷ್ಟು ಸಲ ಬಿಟ್ಟಿರಿ? ಅವರು ಮಾಡಬೇಕಿದ್ದ ಕೆಲಸವನ್ನು ಎಷ್ಟು ಸಲ ನೀವೇ ಮಾಡಿ ಮುಗಿಸಿದಿರಿ? ಸಿಟ್ಟು ಬಂದೀತೆಂದು ನಿಮ್ಮ ಮನಸ್ಸಿನ ಮಾತನ್ನು ಎಷ್ಟು ಸಲ ನುಂಗಿಕೊಂಡಿರಿ? ಅವರ ಪರವಾಗಿ ನೆಂಟರಿಗೆ, ಗೆಳೆಯರಿಗೆ ಎಷ್ಟು ಸಲ ನೆಪ ಹೇಳಿದಿರಿ? ಪ್ರಶ್ನೆಗಳ ತಿರುಳು ಹೀಗೆ. ಪ್ರತಿಯೊಂದಕ್ಕೂ ಇನ್ನೊಂದು ಬಾಲ ಇದೆ: ಅದರಿಂದ ನಿಮಗೆ ಎಷ್ಟು ಸಂಕಟವಾಯಿತು? ಮೊದಲನೆಯದು ಎಣಿಕೆ, ಎರಡನೆಯದು ತೂಕ.

ಇದರ ಹೆಸರು ಸಿಗ್ನಿಫಿಕೆಂಟ್ ಅದರ್ಸ್ ರೆಸ್ಪಾನ್ಸಸ್ ಟು ಟ್ರಾಮಾ ಸ್ಕೇಲ್, ಚುಟುಕಾಗಿ ಸಾರ್ಟ್ಸ್. ಸ್ಟೆಫನಿ ಫ್ರೆಡ್‌ಮನ್, ಕ್ಯಾಂಡಿಸ್ ಮಾನ್ಸನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿ, ಮೊದಲ ಪರೀಕ್ಷೆಯ ಫಲಿತಾಂಶವನ್ನು 2014ರಲ್ಲಿ ಪ್ರಕಟಿಸಿದರು. ಯುದ್ಧ, ಬಾಂಬು, ಅತ್ಯಾಚಾರ, ಅಪಘಾತ, ಇಂಥದ್ದೇನನ್ನೋ ಕಂಡು ಬದುಕಿ ಬಂದವರ ಮನಸ್ಸು ಆ ಗಳಿಗೆಯಲ್ಲೇ ಸಿಕ್ಕಿಹಾಕಿಕೊಂಡರೆ ಅದನ್ನು ಪಿಟಿಎಸ್‌ಡಿ ಎನ್ನುತ್ತಾರೆ, ಆಘಾತೋತ್ತರ ಒತ್ತಡ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈ ಹೆಸರು ಸೇರಿದ ಮೇಲೆ ರೋಗಿಯನ್ನು ಅಳೆಯಲು ಎಷ್ಟೋ ಪ್ರಶ್ನಾವಳಿಗಳು ಬಂದವು. ದುಃಸ್ವಪ್ನ ಎಷ್ಟು, ಬೆಚ್ಚಿಬೀಳುವುದು ಎಷ್ಟು, ನಿದ್ದೆ ಎಷ್ಟು, ಎಲ್ಲದಕ್ಕೂ ಲೆಕ್ಕ. ಆದರೆ ಆ ಬೆಚ್ಚಿಬೀಳುವಿಕೆಯ ಸುತ್ತ ಒಂದಿಡೀ ಮನೆ ತನ್ನ ದಿನಚರಿಯನ್ನೇ ಮಡಚಿ ಮುದುಡಿಕೊಳ್ಳುತ್ತದಲ್ಲ, ಅದಕ್ಕೆ ಲೆಕ್ಕ ಬರೆದವರು ಯಾರು?

ಈಗ ಹೈದರಾಬಾದಿಗೆ ಬನ್ನಿ. 2007ರ ಆಗಸ್ಟ್ 25, ಶನಿವಾರದ ಸಂಜೆ. ಹುಸೇನ್ ಸಾಗರದ ದಂಡೆಯ ಲುಂಬಿನಿ ಪಾರ್ಕಿನಲ್ಲಿ ಲೇಸರ್ ಷೋ ನೋಡಲು ಜನ ಸೇರಿದ್ದರು. ಕೋಠಿಯ ಗೋಕುಲ್ ಚಾಟ್ ಮುಂದೆ ವಾರಾಂತ್ಯದ ಗಿಜಿಗಿಜಿ. ನಿಮಿಷಗಳ ಅಂತರದಲ್ಲಿ ಎರಡೂ ಕಡೆ ಬಾಂಬು ಸಿಡಿದವು. 40ಕ್ಕೂ ಹೆಚ್ಚು ಜನ ಸತ್ತರು. 2013ರ ಫೆಬ್ರುವರಿ 21ರಂದು ದಿಲ್‌ಸುಖ್‌ನಗರದಲ್ಲಿ ಮತ್ತೆ ಅದೇ. ಸತ್ತವರ ಸಂಖ್ಯೆ ಪತ್ರಿಕೆಗೆ ಬಂತು, ಗಾಯಗೊಂಡವರ ಪಟ್ಟಿ ಸರ್ಕಾರದ ಕಡತಕ್ಕೆ ಹೋಯಿತು. ಗೀರೂ ಇಲ್ಲದೆ ಮನೆಗೆ ನಡೆದುಬಂದವರ ಕಥೆ ಯಾವ ಪಟ್ಟಿಗೂ ಸೇರಲಿಲ್ಲ.

ಕೋಠಿಯ ಪಕ್ಕದಲ್ಲೇ ಕಾಚಿಗುಡ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಇರುವ, ಹೈದರಾಬಾದ್ ಕನ್ನಡಿಗರ ಹಳೆಯ ಠಿಕಾಣಿ. ಅಲ್ಲೊಂದು ಮನೆ ಕಲ್ಪಿಸಿಕೊಳ್ಳಿ. ಇದು ನಾನು ಕಟ್ಟಿದ ಮನೆ, ಯಾರ ಮನೆಯೂ ಅಲ್ಲ. ಆ 14 ಪ್ರಶ್ನೆಗಳು ಹೊಕ್ಕು ನೋಡುವುದು ಮಾತ್ರ ಇಂಥ ಮನೆಯನ್ನೇ. ಯಜಮಾನರು ಆ ಸಂಜೆ ಕೋಠಿಯಲ್ಲಿದ್ದರು. ಮೈಮೇಲೆ ಒಂದು ಗಾಯವಿಲ್ಲ. ತಿಂಗಳೊಪ್ಪತ್ತಿನಲ್ಲಿ ಅಡುಗೆಮನೆಯ ಕುಕ್ಕರ್ ಅಟ್ಟ ಸೇರಿತು. ಸೀಟಿ ಕೂಗಿದರೆ ಅವರು ಬೆವರುತ್ತಾರೆ, ಅದಕ್ಕೇ ಈಗ ಬೇಳೆ ಬೇಯುವುದು ಪಾತ್ರೆಯಲ್ಲಿ, ಮುಕ್ಕಾಲು ಗಂಟೆ. ಸುಲ್ತಾನ್ ಬಜಾರಿನ ಸಂತೆಗೆ ಆಕೆ ಒಬ್ಬಳೇ. ದೀಪಾವಳಿಗೆ ಪಟಾಕಿ ಇಲ್ಲ ಎಂಬಲ್ಲಿಂದ ಶುರುವಾಗಿ, ದೀಪಾವಳಿಯಲ್ಲಿ ಊರಲ್ಲೇ ಇರುವುದು ಬೇಡ ಎಂಬಲ್ಲಿಗೆ ಬಂದು, ಈಗ ನಾಲ್ಕು ದಿನ ಮುಂಚೆಯೇ ಕಲಬುರಗಿ ಕಡೆಯ ಹಳ್ಳಿಗೆ ಬಸ್ಸು. ಮಗಳು ಶಾಲೆಯ ಬಹುಮಾನದ ಸುದ್ದಿಯನ್ನು ಪಿಸುಮಾತಿನಲ್ಲಿ ಹೇಳುತ್ತಾಳೆ, ಯಾಕೆಂದರೆ ಅಪ್ಪ ಮಲಗಿದ್ದಾರೆ. ಅಪ್ಪ ಯಾವಾಗಲೂ ಮಲಗಿರುತ್ತಾರೆ.

“ಸದ್ದ ಮಾಡಬ್ಯಾಡವಾ, ಅಪ್ಪಾಜಿ ಈಗಷ್ಟೇ ಕಣ್ಣು ಮುಚ್ಯಾರ.”

“ಅವರಿಗಿ ಆರಾಮಿಲ್ಲರಿ ವೈನಿ, ಲಗ್ನಕ್ಕ ನಾ ಒಬ್ಬಾಕೇ ಬರ್ತೀನಿ.”

ಈ ಎರಡು ಮಾತನ್ನು ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಕೇಳಿಲ್ಲ! ಕೇಳಿ, ಪಾಪ ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾಳೆ ಎಂದು ಮೆಚ್ಚಿಕೊಂಡು ಮುಂದೆ ಹೋಗಿದ್ದೇವೆ. ವಿಜ್ಞಾನಿಗಳು ಮುಂದೆ ಹೋಗಲಿಲ್ಲ. ಅಲ್ಲೇ ನಿಂತು, ಈ ಮಾತು ತಿಂಗಳಿಗೆ ಎಷ್ಟು ಸಲ ಬರುತ್ತದೆ, ಬಂದರೆ ಏನಾಗುತ್ತದೆ ಎಂದು ಕೇಳಿದರು. ಉತ್ತರ ಬೆಚ್ಚಿಬೀಳಿಸುವಂಥದು.

2014ರ ಆ ಮೊದಲ ಪರೀಕ್ಷೆಯಲ್ಲಿದ್ದವರು ಪಿಟಿಎಸ್‌ಡಿಗೆ ಚಿಕಿತ್ಸೆ ಬಯಸಿ ಬಂದ 46 ಮಂದಿ ಮತ್ತು ಅವರ ಬಾಳಸಂಗಾತಿಗಳು. ಸಂಗಾತಿ ಕಾಯಿಲೆಗೆ ಹೆಚ್ಚು ಹೆಚ್ಚು ಹೊಂದಿಕೊಂಡ ಕಡೆಯಲ್ಲೇ ರೋಗಿಯ ಆಘಾತದ ಲಕ್ಷಣ ಹೆಚ್ಚು, ಖಿನ್ನತೆ ಹೆಚ್ಚು, ಸಿಟ್ಟು ಹೆಚ್ಚು; ಸಂಗಾತಿಯ ಖಿನ್ನತೆಯೂ ಹೆಚ್ಚು; ದಾಂಪತ್ಯದ ನೆಮ್ಮದಿ ಕಡಿಮೆ. ಅಕ್ಕರೆಯಿಂದ ಮಾಡಿದ ಕೆಲಸದ ಪಕ್ಕದಲ್ಲಿ ಅಕ್ಕರೆಯೇ ಸೊರಗಿ ಕೂತಿತ್ತು! ಕಾಯಿಲೆ ಜೋರಾಗಿದ್ದರಿಂದ ಮನೆಯವರು ಹೆಚ್ಚು ಬಾಗಿದರೋ, ಅವರು ಬಾಗಿದ್ದರಿಂದ ಕಾಯಿಲೆ ಜೋರಾಯಿತೋ ಎಂಬುದನ್ನು ಒಂದೇ ಹೊತ್ತಿನ ಅಳತೆ ಹೇಳಲಾರದು, ಒಪ್ಪಿಕೊಳ್ಳೋಣ. ಎರಡೂ ಒಟ್ಟಿಗೆ ನಡೆಯುತ್ತವೆ ಎನ್ನಲು ಮಾತ್ರ ಮನಶ್ಶಾಸ್ತ್ರದಲ್ಲಿ ಹಳೆಯ ಕಾರಣವೊಂದಿದೆ.

ಕಾಚಿಗುಡದ ಮನೆಗೇ ಮರಳಿ. ಯಜಮಾನರನ್ನು ಕೂರಿಸಿಕೊಂಡ ಆಟೋ ಕೋಠಿ ಚೌರಸ್ತೆಯ ಹತ್ತಿರ ಬರುತ್ತದೆ. ಎದೆ ಡವಡವ, ಅಂಗೈ ಒದ್ದೆ. ಹೆಂಡತಿ ಮುಖ ನೋಡಿದವಳೇ “ಭಯ್ಯಾ, ವಾಪಸ್ ಲೇಲೋ” ಎನ್ನುತ್ತಾಳೆ. ಆಟೋ ತಿರುಗಿದ ಕ್ಷಣಕ್ಕೆ ಎದೆಬಡಿತ ಇಳಿಯುತ್ತದೆ. ಆ ಇಳಿತ ಎಷ್ಟು ಹಿತ! ಮಿದುಳು ಅಲ್ಲೇ ಪಾಠ ಬರೆದುಕೊಳ್ಳುತ್ತದೆ: ತಿರುಗಿದ್ದಕ್ಕೇ ಉಳಿದೆ. ಮುಂದಿನ ಸಲ ಭಯ ಕೋಠಿಗಿಂತ ಒಂದು ರಸ್ತೆ ಹಿಂದೆಯೇ ಕಾದು ನಿಂತಿರುತ್ತದೆ. ಇಷ್ಟು ಹಳೆಯ ಸಂಗತಿ; ತಪ್ಪಿಸಿಕೊಳ್ಳುವಿಕೆಯೇ ಭಯಕ್ಕೆ ಹಾಲೆರೆಯುತ್ತದೆಂದು ಮನಶ್ಶಾಸ್ತ್ರಜ್ಞರು ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದಲೇ ಹೇಳುತ್ತಿದ್ದರು. ಹೊಸತು ಏನೆಂದರೆ, ಆ ಆಟೋದಲ್ಲಿ ಪಾಠ ಕಲಿತವರು ಇಬ್ಬರು! ಗಂಡನ ಮುಖ ತಿಳಿಯಾದದ್ದು ನೋಡಿ ಹೆಂಡತಿಯ ಎದೆಬಡಿತವೂ ಇಳಿಯಿತಲ್ಲ, ಆಕೆಯ ಮಿದುಳೂ ಬರೆದುಕೊಂಡಿತು: ತಿರುಗಿಸಿದ್ದಕ್ಕೇ ಒಳ್ಳೆಯದಾಯಿತು. ಮುಂದಿನ ಸಲ ಆಕೆ ಕೋಠಿಯ ದಾರಿಯನ್ನೇ ಹಿಡಿಯುವುದಿಲ್ಲ. ಆತನ ಭಯಕ್ಕೆ ಆಕೆ ಕಾವಲು, ಆಕೆಯ ಕಾವಲಿಗೆ ಆತನ ಭಯ. ಕೋಠಿಯಲ್ಲಿ ಈಗ ಇರುವುದು ಬರೀ ಸಮೋಸಾ, ಪುಸ್ತಕದಂಗಡಿ, ಆಟೋಗಳ ಹಾರ್ನು ಎಂಬುದನ್ನು ಕಂಡು ತಿಳಿಯುವ ಅವಕಾಶ ಇಬ್ಬರಿಗೂ ಸಿಗುವುದಿಲ್ಲ.

ಅಳೆಯುವ ಕೆಲಸ ಈ ನಗರಕ್ಕೆ ಹೊಸತೇನಲ್ಲ, ಅದಕ್ಕೆ ಕನ್ನಡಿಗರೊಬ್ಬರ ಹೆಸರೂ ಅಂಟಿಕೊಂಡಿದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. 15,000 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಫ್ಜಲ್‌ಗಂಜಿನ ಒಂದು ಹುಣಸೆಮರ ಹತ್ತಿ ಸುಮಾರು 150 ಜನ ಬದುಕಿದರು. ಆ ಮರ ಇವತ್ತಿಗೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಮರುವರ್ಷ ನಿಜಾಮ ಸರ್ಕಾರ ಕರೆಸಿಕೊಂಡದ್ದು ಎಂ. ವಿಶ್ವೇಶ್ವರಯ್ಯನವರನ್ನು. ಅವರ ರೀತಿ ಗೊತ್ತಲ್ಲ, ಮೊದಲು ಎಣಿಕೆ! ನದಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಅವುಗಳಲ್ಲಿ 221 ಒಡೆದಿದ್ದವು ಎಂದು ಲೆಕ್ಕ ಕೊಟ್ಟರು. ಒಂದೇ ನದಿ ಉಕ್ಕಿದ ಕಥೆಯೆಂದು ಊರು ನಂಬಿದ್ದಾಗ, ಮೇಲೆಲ್ಲೋ ಸಾಲುಸಾಲಾಗಿ ಒಡೆದ ಕೆರೆಗಳನ್ನು ಆ ಲೆಕ್ಕ ತೋರಿಸಿತು. ಅದರ ಫಲವೇ ಉಸ್ಮಾನ್ ಸಾಗರ, ಹಿಮಾಯತ್ ಸಾಗರ. ಮರ ಇಳಿದು ಬಂದ ಆ 150 ಜನ ಆಮೇಲೆ ಮಳೆಗಾಲದ ರಾತ್ರಿಗಳನ್ನು ಹೇಗೆ ಕಳೆದರು, ಅವರ ಮಕ್ಕಳು ಮೂಸಿಯ ಹೆಸರನ್ನು ಮನೆಯಲ್ಲಿ ಎತ್ತುತ್ತಿದ್ದರೋ ಇಲ್ಲವೋ? ಅದನ್ನು ಎಣಿಸುವ ಎಂಜಿನಿಯರು ಇನ್ನೂ ಹುಟ್ಟಿರಲಿಲ್ಲ.

ಮನೆಯನ್ನು ಅಳೆಯುವ ಕೆಲಸ ಶುರುವಾದದ್ದು ಲಂಡನ್ನಿನಲ್ಲಿ, ಅದೂ ತಿರುವುಮುರುವಾಗಿ. ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೇನಿಯಾ ರೋಗಿಗಳ ಮನೆಯವರನ್ನು ಮಾತಾಡಿಸಿ, ಅವರು ಎಷ್ಟು ಸಲ ಕೊಂಕು ಮಾತಾಡುತ್ತಾರೆ, ದನಿ ಎಷ್ಟು ಕಟುವಾಗಿದೆ, ರೋಗಿಯ ವಿಷಯದಲ್ಲಿ ಎಷ್ಟು ತಲೆಹಾಕುತ್ತಾರೆ ಎಂದು ಎಣಿಸಿದರು. ಕಟು ಮಾತಿನ ಮನೆಗೆ ಮರಳಿದ ರೋಗಿಗೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚೆಂದು 1972ರ ಅವರ ಅಧ್ಯಯನ ತೋರಿಸಿತು. ಮುಂದೆ ಚಂಡೀಗಢದಲ್ಲಿ ಎನ್.ಎನ್. ವಿಗ್ ಮತ್ತಿತರರು ಇದೇ ಅಳತೆ ತೆಗೆದಾಗ ನಮ್ಮ ಮನೆಗಳಲ್ಲಿ ಕೊಂಕು ಲಂಡನ್ನಿಗಿಂತ ಬಹಳ ಕಡಿಮೆ ಎಂದು ಕಂಡುಬಂತು. ನಮ್ಮವರು ಬೀಗಿದರು. ಬೀಗಲು ಕಾರಣವೂ ಇತ್ತೆನ್ನಿ; 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲಿ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಉಳಿಸಿಕೊಂಡಿದ್ದರು, ಜಗತ್ತಿನ ಬೇರೆ ಕಡೆಗಳಲ್ಲಿ ಮನೆಯವರನ್ನು ಗೇಟಿನಾಚೆ ನಿಲ್ಲಿಸುತ್ತಿದ್ದ ಕಾಲದಲ್ಲಿ. ಸರಿ, ಕಟುತನ ಅಳೆದಾಯಿತು. ಮೃದುತನವೂ ಕೆಡುಕು ಮಾಡೀತೆಂದು ಅಳೆಯಲು ಯಾರಿಗೆ ತಾನೇ ಹೊಳೆದೀತು! ಮೆತ್ತಗಿನ ದನಿ, ಬೆರಳ ತುದಿಯ ನಡಿಗೆ, “ಇರಲಿ ಬಿಡಿ” ಎಂಬ ಮಾತು, ಇವೂ ಕಾಯಿಲೆಗೆ ಹಾಸಿಗೆ ಹಾಸಿಕೊಡಬಹುದೆಂದು ಒಂದೊಂದಾಗಿ ಎಣಿಸುವ ಸಾಲು ಲಂಡನ್ನಿನ ಪಟ್ಟಿಯಲ್ಲೂ ಇರಲಿಲ್ಲ, ಚಂಡೀಗಢದ ಪಟ್ಟಿಯಲ್ಲೂ ಇರಲಿಲ್ಲ.

ಈ ನಡುವೆ ಬೆಂಗಳೂರಿನಲ್ಲಿ ನಡೆದದ್ದನ್ನು ಹೇಳದೆ ಮುಂದೆ ಹೋಗಲಾರೆ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಬಹುಪಾಲು ಮಕ್ಕಳು. ಮಕ್ಕಳನ್ನು ಕಳೆದುಕೊಂಡವರ ಶೋಕ ಹೇಗಿತ್ತೆಂದು ನಿಮ್ಹಾನ್ಸ್‌ನ ಎಚ್.ಎಸ್. ನಾರಾಯಣನ್ ಮತ್ತಿತರರು ಮನೆಯವರನ್ನು ಕಂಡು ದಾಖಲಿಸಿದರು. ಅದೇ 1981ರಲ್ಲಿ, ಅದೇ ನಿಮ್ಹಾನ್ಸ್‌ನಿಂದ, ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಒಂದು ಸಂದರ್ಶನ ಪಟ್ಟಿ ಪ್ರಕಟಿಸಿದರು: ಮನೋರೋಗಿಯ ಕುಟುಂಬದ ಹೊರೆಯನ್ನು ಅಳೆಯುವ ಪಟ್ಟಿ. ಆಗಿನ ದಕ್ಷಿಣ ಕನ್ನಡದ ಕೋಟ ಗ್ರಾಮದಲ್ಲಿ ಮನೆಮನೆ ಹೊಕ್ಕು ಮನಸ್ಸಿನ ಆರೋಗ್ಯದ ಅಧ್ಯಯನ ಮಾಡಿದ್ದ ಅದೇ ಕಪೂರ್! ಪಟ್ಟಿಯಲ್ಲಿ 6 ವಿಭಾಗ: ದುಡ್ಡಿನ ನಷ್ಟ, ದಿನಚರಿಯ ಏರುಪೇರು, ಮನೆಯವರ ವಿರಾಮ, ಮನೆಯವರ ನಡುವಿನ ಸಂಬಂಧ, ಉಳಿದವರ ದೇಹದ ಆರೋಗ್ಯ, ಉಳಿದವರ ಮನಸ್ಸಿನ ಆರೋಗ್ಯ. ಒಟ್ಟು 24 ಅಂಶ. ಎಲ್ಲ ಮುಗಿದ ಮೇಲೆ ಮನೆಯವರಿಗೆ ಒಂದೇ ನೇರ ಪ್ರಶ್ನೆ: ಈ ಕಾಯಿಲೆಯಿಂದ ನೀವು ಎಷ್ಟು ಅನುಭವಿಸಿದ್ದೀರಿ ಅನ್ನಿಸುತ್ತದೆ? ಕಂಡದ್ದು ಒಂದು ಕಡೆ, ಅನ್ನಿಸಿದ್ದು ಇನ್ನೊಂದು ಕಡೆ. 2014ರ ಪ್ರಶ್ನಾವಳಿಯ ಎಣಿಕೆ ಮತ್ತು ತೂಕ ನೆನಪಾಯಿತೇ? ಮೂವತ್ತು ವರ್ಷಕ್ಕೂ ಮುಂಚೆ ಹೊಸೂರು ರಸ್ತೆಯಲ್ಲಿ ಯಾರೋ ಇದರ ಹತ್ತಿರಕ್ಕೆ ಬಂದು ನಿಂತಿದ್ದರು!

ಹೊರೆ ಎಂದರೆ ಕಾಯಿಲೆ ಮನೆಯವರಿಗೆ ಮಾಡಿದ್ದು. ಹೊಂದಾಣಿಕೆ ಎಂದರೆ ಮನೆಯವರು ಕಾಯಿಲೆಗೆ ಮಾಡಿಕೊಟ್ಟದ್ದು. ಈ ಎರಡನೆಯದರತ್ತ ಮೊದಲು ಕಣ್ಣು ಹಾಯಿಸಿದವರು ಗೀಳು ಕಾಯಿಲೆಯ, ಅಂದರೆ ಓಸಿಡಿಯ ಸಂಶೋಧಕರು. ದಿನಕ್ಕೆ ಐವತ್ತು ಸಲ ಕೈ ತೊಳೆಯುವವನಿಗೆ ಸೋಪು ತಂದುಕೊಡುವ ತಾಯಿ, ಬೀಗ ಹಾಕಿದೆಯೇ ಎಂದು ರಾತ್ರಿಯಿಡೀ ಕೇಳುವವಳಿಗೆ “ಹಾಕಿದೆ, ಹಾಕಿದೆ” ಎಂದು ಹೇಳುತ್ತಲೇ ಇರುವ ಗಂಡ. ಲೀಸಾ ಕಾಲ್ವೊಕೊರೆಸಿ ಮತ್ತು ಸಂಗಡಿಗರು 1995ರಲ್ಲಿ ಇದನ್ನು ಅಳೆದು ತೋರಿಸಿದರು. 2014ರಲ್ಲಿ, ಹೌದು, ಅದೇ ವರ್ಷ, ನಿಮ್ಹಾನ್ಸ್‌ನ ವೈ.ಸಿ. ಜನಾರ್ದನ ರೆಡ್ಡಿ ಅವರ ತಂಡ ಓಸಿಡಿ ಇರುವ 100 ಮಂದಿಯನ್ನೂ ಅವರ ಮನೆಯವರನ್ನೂ ಗಮನಿಸಿದ ಅಧ್ಯಯನವನ್ನು ಪ್ರಕಟಿಸಿತು. ಮನೆಯವರು ಗೀಳಿಗೆ ಹೆಚ್ಚು ಜೊತೆಗೂಡಿದಷ್ಟೂ ರೋಗಿ ಗುಣವಾಗುವುದು ಕಷ್ಟ ಎಂಬುದೇ ಅಲ್ಲೂ ಕಂಡದ್ದು. ನಮ್ಮ ಬೆಂಗಳೂರಿನ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರ ಲೆಕ್ಕ ಇದು, ಅಮೆರಿಕದ್ದಲ್ಲ.

ಇಲ್ಲಿಗೆ ಬಂದ ಯಾರಾದರೂ ಹೆಂಡತಿಯ ಕಡೆ ಬೆರಳು ತೋರಿಸಿ “ನೋಡಮ್ಮಾ, ನಿನ್ನಿಂದಲೇ ಇದು” ಎಂದರೆ ಆ ಬೆರಳನ್ನು ಮಡಚಿಸಬೇಕು. ಮುರಿದ ಕೈಗೆ ಮೊದಲ ವಾರಗಳಲ್ಲಿ ಪ್ಲಾಸ್ಟರ್ ಬೇಕೇ ಬೇಕು. ಬಿಚ್ಚುವ ದಿನ ಯಾವುದೆಂದು ಯಾರೂ ಹೇಳದೇ ಹೋದದ್ದು ಪ್ಲಾಸ್ಟರಿನ ತಪ್ಪಲ್ಲ. ಇನ್ನೂ ಗಂಭೀರವಾದ ಮಾತೊಂದಿದೆ. ಗಂಡ ಕೈಯೆತ್ತುವ ಮನೆಯಲ್ಲಿ ಹೆಂಡತಿ ಬೆರಳ ತುದಿಯಲ್ಲಿ ನಡೆಯುತ್ತಿದ್ದರೆ ಅದು ಹೊಂದಾಣಿಕೆಯ ಅಂಕವಲ್ಲ, ಜೀವ ಉಳಿಸಿಕೊಳ್ಳುವ ಜಾಣತನ. ಅಲ್ಲಿ ಮೊದಲು ಬೇಕಿರುವುದು ಆಕೆಯ ಸುರಕ್ಷತೆ, ಪ್ರಶ್ನಾವಳಿ ಆಮೇಲೆ. ಈ ಎರಡನ್ನೂ ಬೇರೆ ಮಾಡಲಾರದವರ ಕೈಗೆ ಇಂಥ ಅಳತೆಗೋಲು ಸಿಗದಿರುವುದೇ ಮೇಲು.

ಅಳೆದದ್ದನ್ನು ಇಳಿಸಲು ಸಾಧ್ಯವೇ? ಮಾನ್ಸನ್ ಮತ್ತು ಫ್ರೆಡ್‌ಮನ್ ಗಂಡ–ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ನಡೆಸುವ 15 ಸಿಟ್ಟಿಂಗ್‌ಗಳ ಚಿಕಿತ್ಸೆ ರೂಪಿಸಿದ್ದರು. ಮೊದಲು ಕಾಯಿಲೆ ಏನೆಂದು ಇಬ್ಬರಿಗೂ ತಿಳಿಸುವುದು, ಆಮೇಲೆ ಮಾತಾಡಲು ಕಲಿಸುವುದು, ತಪ್ಪಿಸಿಕೊಂಡು ಬಂದ ಜಾಗಗಳಿಗೆ ಇಬ್ಬರೂ ಜೊತೆಯಾಗಿ, ಮೆಲ್ಲಮೆಲ್ಲಗೆ, ಹೆಜ್ಜೆ ಹೆಜ್ಜೆಯಾಗಿ ಹೋಗುವುದು, ಕೊನೆಗೆ ಆಘಾತ ಮನಸ್ಸಿನಲ್ಲಿ ಊರಿದ ನಂಬಿಕೆಗಳನ್ನು ಕೂತು ಪರಿಶೀಲಿಸುವುದು. 40 ಜೋಡಿಗಳೊಂದಿಗೆ ನಡೆಸಿದ ಪರೀಕ್ಷೆ 2012ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು: ಸರದಿಗಾಗಿ ಕಾಯುತ್ತಿದ್ದವರಿಗಿಂತ ಚಿಕಿತ್ಸೆ ಪಡೆದವರ ಲಕ್ಷಣಗಳು ಬಹಳ ಹೆಚ್ಚು ಇಳಿದಿದ್ದವು, ದಾಂಪತ್ಯವೂ ಸುಧಾರಿಸಿತ್ತು.

ಆಮೇಲೆ ಬಂತು ನೋಡಿ, ನಾನು ಓದಿ ಪುಟ ಮುಚ್ಚಿ ಮತ್ತೆ ತೆರೆದು ಓದಿದ ಫಲಿತಾಂಶ! ಇದೇ ಪರೀಕ್ಷೆಯ ಮಾಹಿತಿಯನ್ನು ಹೊಂದಾಣಿಕೆಯ ಕಣ್ಣಿನಿಂದ ಮತ್ತೊಮ್ಮೆ ನೋಡಿ ಫ್ರೆಡ್‌ಮನ್ ತಂಡ 2016ರಲ್ಲಿ ಬರೆಯಿತು. ಯಾವ ಮನೆಯಲ್ಲಿ ಹೊಂದಾಣಿಕೆ ವಿಪರೀತವಾಗಿತ್ತೋ, ಕೆಟ್ಟುಹೋಗಿದೆ ಎಂದು ನಾವು ಕೈಬಿಡುತ್ತಿದ್ದೆವೋ, ಆ ಮನೆಗಳಿಗೇ ಜೋಡಿ ಚಿಕಿತ್ಸೆಯಿಂದ ಹೆಚ್ಚು ಲಾಭವಾಗಿತ್ತು! ಅಂಥ ಮನೆಯ ರೋಗಿಗಳು ಚಿಕಿತ್ಸೆಯಿಲ್ಲದೆ ಕಾಯುತ್ತಾ ಉಳಿದವರಿಗಿಂತ ಎಷ್ಟೋ ಮುಂದೆ ಹೋಗಿದ್ದರು. ಯಾಕಿರಬಹುದು? ನನಗನ್ನಿಸುವುದು ಇಷ್ಟು: ಕೋಠಿಯ ದಾರಿಯಿಂದ ಆಟೋ ತಿರುಗಿಸಿದ ಹೆಂಗಸಿಗೆ ಗಂಡನ ಮುಖದ ಒಂದೊಂದು ಗೆರೆಯೂ ಗೊತ್ತು, ಯಾವ ಗಲ್ಲಿಯಲ್ಲಿ ಬೆವರು ಶುರುವಾಗುತ್ತದೆ ಎಂದೂ ಗೊತ್ತು. ಯಾವ ಥೆರಪಿಸ್ಟಿಗೂ ಇಲ್ಲದ ನಕಾಶೆ ಅದು. ಅದೇ ಕಾಳಜಿಯನ್ನು ಎದುರು ದಿಕ್ಕಿಗೆ ತಿರುಗಿಸಿದರೆ ಸಾಕು.

ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಂದೆ ಹೋಗಿದೆ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಆತಂಕದ ಕಾಯಿಲೆಯಿದ್ದ 124 ಮಕ್ಕಳ ಮೇಲೆ ಒಂದು ಪರೀಕ್ಷೆ ಮಾಡಿದರು. ಒಂದು ಗುಂಪಿನ ಮಕ್ಕಳಿಗೆ ಎಂದಿನ ಅರಿವು–ವರ್ತನೆ ಚಿಕಿತ್ಸೆ. ಇನ್ನೊಂದು ಗುಂಪಿನಲ್ಲಿ ಥೆರಪಿಸ್ಟರು ಮಾತಾಡಿದ್ದು ತಂದೆತಾಯಿಯ ಜೊತೆ ಮಾತ್ರ. ಮಗುವಿಗೆ ಧೈರ್ಯ ಹೇಳುತ್ತಲೇ ಹೊಂದಾಣಿಕೆಯನ್ನು ಕಡಿಮೆ ಮಾಡುವುದು ಹೇಗೆಂದು ಹೇಳಿಕೊಟ್ಟರು. ಎರಡೂ ಗುಂಪಿನ ಮಕ್ಕಳು ಸರಿಸುಮಾರು ಒಂದೇ ಸಮ ಚೇತರಿಸಿಕೊಂಡರು. ಚಿಕಿತ್ಸೆ ಕೊಠಡಿಗೆ ಕಾಲಿಡದ ಮಗು ಗುಣವಾಯಿತು!

ಈ ಅಂಕಿಗಳನ್ನೆಲ್ಲ ಹಿಡಿದುಕೊಂಡು ನಮ್ಮ ದೇಶದ ಲೆಕ್ಕ ನೋಡಿದರೆ ತಲೆ ಗಿರ್ರೆನ್ನುತ್ತದೆ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಪಿಟಿಎಸ್‌ಡಿ ಕಂಡುಬಂದದ್ದು ಶೇ. 0.2ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆಯ ಬಹುದೇಶ ಸಮೀಕ್ಷೆಗಳಲ್ಲಿ ಜೀವಿತದಲ್ಲಿ ಒಮ್ಮೆಯಾದರೂ ಇದಕ್ಕೆ ಸಿಕ್ಕಿದವರು ಶೇ. 3.9. ಎರಡು ಸಮೀಕ್ಷೆಗಳ ವಿಧಾನ ಬೇರೆ, ಪಕ್ಕಪಕ್ಕ ಇಟ್ಟು ಹೋಲಿಸುವುದು ಪೂರ್ತಿ ನ್ಯಾಯವಲ್ಲ. ಆದರೂ ಗುಮಾನಿ ಬಿಡುವುದಿಲ್ಲ. ಬಾಂಬು, ಗಲಭೆ, ಪ್ರವಾಹ, ರಸ್ತೆ ಅಪಘಾತ ಯಾವುದಕ್ಕೂ ಬರವಿಲ್ಲದ ದೇಶದಲ್ಲಿ ಇಷ್ಟೇ ಜನವೇ? ಸಮೀಕ್ಷೆಯವರು ಬಾಗಿಲು ತಟ್ಟುವ ಹೊತ್ತಿಗೆ ಕುಕ್ಕರ್ ಅಟ್ಟದಲ್ಲಿದ್ದರೆ, ಪಟಾಕಿಯ ಹಬ್ಬ ಹಳ್ಳಿಗೆ ಹೋಗಿದ್ದರೆ, “ನಿಮಗೆ ಭಯ ಆಗುತ್ತಾ?” ಎಂದು ಕೇಳಿದಾಗ ಆತ ನಿಜಾಯಿತಿಯಿಂದಲೇ “ಇಲ್ಲ” ಎನ್ನಬಹುದಲ್ಲ! ಭಯಪಡಿಸುವುದನ್ನೆಲ್ಲ ಮನೆಯವರು ಮೊದಲೇ ಗುಡಿಸಿ ಹಾಕಿದ್ದಾರೆ. ಇದು ನನ್ನ ಊಹೆ, ಯಾರ ತೀರ್ಮಾನವೂ ಅಲ್ಲ; ಪರೀಕ್ಷಿಸಿ ನೋಡುವಷ್ಟು ಗಟ್ಟಿಯಿದೆ ಎಂಬುದು ಮಾತ್ರ ನನ್ನ ನಂಬಿಕೆ.

ಹಾಗೆ ನೋಡಿದರೆ ಹಳೆಯ ಹೈದರಾಬಾದ್ ಸಂಸ್ಥಾನದ ಕನ್ನಡ ಸೀಮೆಗಿಂತ ದೊಡ್ಡ ಪ್ರಯೋಗಶಾಲೆ ಇಲ್ಲ. ಬೀದರ್, ಕಲಬುರಗಿ, ರಾಯಚೂರು 1948ರಲ್ಲಿ ನಿಜಾಮನ ಆಳ್ವಿಕೆಯಲ್ಲಿದ್ದವು. ಮೇ ತಿಂಗಳಲ್ಲಿ ಬೀದರ್ ಸೀಮೆಯ ಗೋರ್ಟಾದಲ್ಲಿ ನಿಜಾಮನ ಪರದ ರಜಾಕಾರರು ನಡೆಸಿದ ಹತ್ಯಾಕಾಂಡ. ಸೆಪ್ಟೆಂಬರ್ 13ರಿಂದ, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಂಡ ಸೇನಾ ಕಾರ್ಯಾಚರಣೆ, ಪೊಲೀಸ್ ಆ್ಯಕ್ಷನ್. ಅದರ ಬೆನ್ನಿಗೇ ಮುಸ್ಲಿಮರ ಮೇಲೆ ನಡೆದ ಹಿಂಸೆ. ಪಂಡಿತ್ ಸುಂದರಲಾಲ್ ಸಮಿತಿ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಅತಿ ಹೆಚ್ಚು ಬಾಧೆಪಟ್ಟ ಜಿಲ್ಲೆಗಳೆಂದು ಉಸ್ಮಾನಾಬಾದ್, ನಾಂದೇಡ್‌ಗಳ ಜೊತೆ ಕಲಬುರಗಿ ಮತ್ತು ಬೀದರನ್ನು ಹೆಸರಿಸಿತು. ಆ ವರದಿಯೇ ದಶಕಗಳ ಕಾಲ ಜನರ ಕೈಗೆ ಸಿಗಲಿಲ್ಲ. ಸರ್ಕಾರವೇ ಬಾಯಿ ಕಟ್ಟಿಕೊಂಡ ಮೇಲೆ ಮನೆಗಳೇನು ಮಾಡಿಯಾವು? ಆ ಸೀಮೆಯಲ್ಲಿ ಎರಡೂ ಧರ್ಮದ ಮನೆಗಳಲ್ಲಿ “ಆ ಮಾತು ಈಗ್ಯಾಕ ಬಿಡ್ರಿ” ಎಂಬುದು ಮೂರು ತಲೆಮಾರಿನ ವಾಕ್ಯ. ಮುತ್ತಜ್ಜಿಯ ಮುಂದೆ ಯಾವ ಊರಿನ ಹೆಸರು ಎತ್ತಬಾರದೆಂದು ಮರಿಮಕ್ಕಳಿಗೂ ಗೊತ್ತು, ಯಾಕೆಂದು ಮಾತ್ರ ಗೊತ್ತಿಲ್ಲ! ಅಂದರೆ ಆಘಾತ ಪಟ್ಟವರಲ್ಲಿ ಬಹುಪಾಲು ಜನ ಹೋಗಿದ್ದಾರೆ, ಅದಕ್ಕೆ ಮಾಡಿಕೊಂಡ ಹೊಂದಾಣಿಕೆ ಉಳಿದಿದೆ. ಇದಕ್ಕೆ ಪ್ರಶ್ನಾವಳಿ ಬರೆಯುವವರಿಗೆ ಕೈ ಮುಗಿಯುತ್ತೇನೆ.

ಇಂಗ್ಲಿಷಿನ 14 ಪ್ರಶ್ನೆ ಒಬ್ಬ ಸಂಗಾತಿಯನ್ನು ಗಮನದಲ್ಲಿಟ್ಟುಕೊಂಡು ಹುಟ್ಟಿದವು. ಕಾಚಿಗುಡದ ಮನೆಯಲ್ಲಿ ಅತ್ತೆ ಇದ್ದಾರೆ, ಮೈದುನ ಇದ್ದಾನೆ, ಪಿಸುಮಾತಿನ ಮಗಳಿದ್ದಾಳೆ. ಒಂದೇ ಹಾಳೆ ಯಾರಿಗೆ ಕೊಡುವುದು? ಅತ್ತೆಯ ಹಾಳೆಯಲ್ಲಿ ಎಣಿಕೆ ತುಂಬಾ, ತೂಕ ಸೊನ್ನೆ ಬಂದೀತು; “ಹೆತ್ತ ಮಗನಿಗಿ ಮಾಡೂದರಾಗ ಸಂಕಟ ಏನದ?” ಎಂದಾರು. ಮೈದುನನ ಹಾಳೆ ಖಾಲಿ ಬಂದೀತು, ಯಾಕೆಂದರೆ ಅವನ ಪಾಲಿನ ಹೊಂದಾಣಿಕೆಯನ್ನೂ ಬೇರೆ ಯಾರೋ ಮಾಡುತ್ತಿದ್ದಾರೆ. ಎಲ್ಲರಿಗೂ ಬೇರೆಬೇರೆ ಹಾಳೆ ಕೊಟ್ಟು, ಆಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ, ಒಬ್ಬರ ಕಾಯಿಲೆಯ ಸುತ್ತ ಯಾರು ಎಷ್ಟು ಬಾಗಿದ್ದಾರೆ ಎಂಬ ಇಡೀ ಚಿತ್ರ ಮೊದಲ ಬಾರಿಗೆ ಸಿಕ್ಕೀತು. ಅಲ್ಲಿಯವರೆಗೆ, ಮನಸ್ಸು ತಡೆಯಲಾರದ ದಿನ ಮನೆಯವರೂ ಕರೆ ಮಾಡಬಹುದಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಕನ್ನಡದಲ್ಲೂ ಮಾತಾಡುತ್ತಾರೆ.

ಹಾಳೆ ಹಂಚುವವರಿಗೆ ನನ್ನದೊಂದು ಸಲಹೆ: ಮೊದಲನೆಯದನ್ನು ಸೊಸೆಯ ಕೈಗೆ ಕೊಡಿ, ಅತ್ತೆ ಪಕ್ಕದಲ್ಲಿ ಕೂತಿರದ ಹೊತ್ತು ನೋಡಿ.